ಅಬಾರ್ಥ್, ಬೀಗರು ಮತ್ತು ತೂತಿನ ಪ್ಲೇಟು

ಮುಗಳಖೋಡದ ಕಡೆ ಬ್ರೇಕ್ ಎಂದರೆ ಕಲ್ಲು. ಕಬ್ಬಿನ ಹಂಗಾಮು ಶುರುವಾದ ಮೇಲೆ ಒಮ್ಮೆ ಬಂದು ನೋಡಿ. ಎರಡು ಡಬ್ಬಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಕಾರ್ಖಾನೆಯ ಹಾದಿಯಲ್ಲಿ ಏರಿಗೆ ಬಂದು ಮುಂದೆ ಹೋಗಲಾರದೆ ನಿಂತರೆ, ಹಿಂದಿನ ಡಬ್ಬಿಯ ಮೇಲಿದ್ದ ಹುಡುಗ ಕೆಳಗೆ ಜಿಗಿದು “ಕಲ್ಲ ಕೊಡ್ರೋ, ಕಲ್ಲ!” ಎಂದು ಒದರುತ್ತಾನೆ. ಹೊಲದ ಬದುವಿನಿಂದ ಒಂದು ಕರೀ ಕಲ್ಲು ಬಂದು ಗಾಲಿಯ ಕೆಳಗೆ ಕೂರುತ್ತದೆ. ಅಷ್ಟು ಟನ್ನು ಕಬ್ಬು ಕದಲದೆ ನಿಲ್ಲುತ್ತದೆ. ಡ್ರೈವರು ಇಳಿದು ಬೀಡಿ ಹಚ್ಚುತ್ತಾನೆ. ಬಹಳಷ್ಟು ಡಬ್ಬಿಗಳಿಗೆ ಬ್ರೇಕೂ ಇಲ್ಲ, ಹಿಂದೆ ಕೆಂಪು ದೀಪವೂ ಇಲ್ಲ. ಸ್ಪೀಕರ್ ಮಾತ್ರ ಇದ್ದೇ ಇರುತ್ತದೆ. ಜಾತ್ರೆ ಬಂತೆಂದರೆ ಇದೇ ಟ್ರ್ಯಾಕ್ಟರನ್ನು ಡಬ್ಬಿ ಸಮೇತ ಹಿಮ್ಮುಖವಾಗಿ ಓಡಿಸುವ ಸ್ಪರ್ಧೆ ನಡೆಯುತ್ತದೆ. ಎತ್ತಿನ ಗಾಡಿ ಶರ್ಯತ್ತಂತೂ ಕೇಳಲೇಬೇಡಿ. ಅಲ್ಲಿ ಗಾಡಿ ನಿಲ್ಲುವುದು ಎತ್ತುಗಳು ಮನಸ್ಸು ಮಾಡಿದಾಗ.

ಇಂಥ ಸೀಮೆಯಲ್ಲಿ ಕೂತು ನಾನು ಒಂದಿಡೀ ಮಳೆಗಾಲ ಬ್ರೇಕ್ ಡಿಸ್ಕ್ ಆರಿಸಿದೆ.

ಗಾಡಿ ಅಬಾರ್ಥ್ ಪುಂಟೋ. ಅದನ್ನು ಸ್ಪೋರ್ಟ್ಸ್ ಕಾರು ಎನ್ನುವುದು ನನ್ನೊಬ್ಬನ ಮಾತು. ನಮ್ಮ ಹೈಸ್ಕೂಲಿನ ಸ್ಟಾಫ್ ರೂಮು ಅದನ್ನು ಇನ್ನೂ ಒಪ್ಪಿಲ್ಲ. ಐದು ಬಾಗಿಲು, ಐದು ಸೀಟು, ಹಿಂದೆ ಜೋಳದ ಚೀಲ ಹಿಡಿಯುವ ಡಿಕ್ಕಿ. “ಪುಂಟೋ ಅಲ್ಲೇನ್ರಿ ಇದು? ನಮ್ಮ ಸಡ್ಡಕನ ಹಂತ್ಯಾಕನೂ ಇತ್ತು” ಎಂದು ಹಿಂದಿ ಮಾಸ್ತರರು ಮೊದಲ ದಿನವೇ ಮುಗಿಸಿಬಿಟ್ಟರು. ಬಾನೆಟ್ಟಿನ ಕೆಳಗೆ 1.4 ಲೀಟರಿನ ಟರ್ಬೋ ಎಂಜಿನ್ನಿದೆ, 145 ಅಶ್ವಶಕ್ತಿ, ನಾಲ್ಕೂ ಗಾಲಿಗೆ ಡಿಸ್ಕ್ ಎಂದು ನಾನು ಹೇಳುವಷ್ಟರಲ್ಲಿ ಗಂಟೆ ಹೊಡೆದಿತ್ತು. 2015ರಲ್ಲಿ ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯಿಂದ ಈ ಗಾಡಿ ಹೊರಬಿದ್ದಾಗ ಷೋರೂಮ್ ಬೆಲೆ ಹತ್ತು ಲಕ್ಷದ ಒಳಗಿತ್ತು. ನನ್ನ ಕೈಗೆ ಬಂದದ್ದು ಬಹಳ ತಡವಾಗಿ, ಎಂಎಚ್-12 ನಂಬರಿನೊಂದಿಗೆ, ಕಬ್ಬಿನ ಬಿಲ್ಲು ಒಂದೇ ಗಂಟಿನಲ್ಲಿ ಜಮಾ ಆದ ವರ್ಷ. ಅಷ್ಟರಲ್ಲಿ ಮಗಳ ಮದುವೆಯೂ ಆಗಿತ್ತು, ತಲೆಯ ಮುಂಭಾಗ ಬಯಲೂ ಆಗಿತ್ತು. ಆ ವಯಸ್ಸಿನಲ್ಲಿ ಕೆಲವರು ಕಾಶಿಗೆ ಹೋಗುತ್ತಾರೆ.

ಈ ಗಾಡಿಯ ಮೈತುಂಬ ಚೇಳು. ಬಾನೆಟ್ಟಿನ ಮೇಲೊಂದು, ಸ್ಟೇರಿಂಗಿನ ನಡುವೆ ಒಂದು, ಪ್ರತಿ ಗಾಲಿಯಲ್ಲೊಂದು. ವಿಯೆನ್ನಾದಲ್ಲಿ 1908ರಲ್ಲಿ ಹುಟ್ಟಿದ ಕಾರ್ಲೋ ಅಬಾರ್ಥ್ 1949ರಲ್ಲಿ ಇಟಲಿಯಲ್ಲಿ ಕಂಪನಿ ಕಟ್ಟಿದಾಗ, ತನ್ನ ರಾಶಿ ವೃಶ್ಚಿಕವೆಂದು ಚೇಳನ್ನೇ ಗುರುತಾಗಿ ಇಟ್ಟುಕೊಂಡ. ಇದನ್ನು ನಾನು ಅವ್ವನಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದಳು. “ಅಂವಂದು ವೃಶ್ಚಿಕ ಖರೆ. ನಿಂದು ವೃಷಭ. ಎತ್ತಿಂದ ಚಿತ್ರ ಹಚ್ಚಿಸಿದ್ರ ಬ್ಯಾರೆ ಮಾತು” ಎಂದು, ಯಲ್ಲಾಲಿಂಗ ಮಠದ ಮುಂದೆ ಗಾಡಿ ನಿಲ್ಲಿಸಿ ಪೂಜೆ ಮಾಡಿಸುವಾಗ ಬಾನೆಟ್ಟಿನ ಚೇಳು ಕಾಣದಷ್ಟು ಭಂಡಾರ ಬಳಿದಳು.

ಒಂದು ದಿನ ರಾಯಬಾಗದಿಂದ ಬರುವಾಗ ಬ್ರೇಕ್ ಒತ್ತಿದರೆ ಪೆಡಲ್ಲು ನಡುಗತೊಡಗಿತು. ಹಾರೂಗೇರಿಯ ಮಿಸ್ತ್ರಿಯ ಬಳಿ ಒಯ್ದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ‘ಘರ್ಷಣೆಯ ಎರಡು ಉಪಯೋಗ ಬರೆಯಿರಿ’ ಎಂಬ ಪ್ರಶ್ನೆಗೆ ‘ಗಾಡಿ ನಿಂದರತೈತಿ’ ಎಂದಷ್ಟೇ ಬರೆದಿದ್ದ. ಎರಡಕ್ಕೆ ಅರ್ಧ ಅಂಕ ಕೊಟ್ಟಿದ್ದೆ. ಈಗ ಅವನು ಮುಂದಿನ ಗಾಲಿ ಬಿಚ್ಚಿ, ಡಿಸ್ಕಿನ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಪ್ಲೇಟಿನ, ಅಂಚಿನಲ್ಲಿ ಎದ್ದು ನಿಂತ ದಂಡೆಯ ಮೇಲೆ ಉಗುರು ಆಡಿಸಿ, ವರ್ನಿಯರ್ ಹಿಡಿದು ದಪ್ಪ ನೋಡಿದ. ಎಷ್ಟು ಸವೆಯುವ ತನಕ ಓಡಿಸಬಹುದು ಎನ್ನುವ ಅಳತೆಯನ್ನು ಪ್ಲೇಟಿನ ಮೇಲೆಯೇ ಒತ್ತಿರುತ್ತಾರೆ. ಅದನ್ನು ಅರಿವೆಯಿಂದ ಒರೆಸಿ ನನಗೆ ತೋರಿಸಿದ. ನನ್ನ ಪ್ಲೇಟು ಆ ಗಡಿ ದಾಟಿ ಎಷ್ಟೋ ದಿನವಾಗಿತ್ತು.

“ಸವದಾವ್ರಿ ಸರ್ರ. ಕಂಪನೀವು ಸಾದಾ ಪ್ಲೇಟ್ ಪುಣಾದಾಗ ಸಿಗ್ತಾವ. ತರಸ್ರಿ, ಪ್ಯಾಡ್ ಸೈತ ಹಾಕೂಣು. ಬ್ರೇಕ್ ಆಯಿಲ್ಲೂ ಕರ್ರಗ ಆಗೈತ್ರಿ, ಅದನ್ನೂ ಬದ್ಲಿ ಮಾಡಿಬಿಡೂಣು.”

ನಾಲ್ಕು ವಾಕ್ಯ. ಇಷ್ಟಕ್ಕೇ ಮುಗಿಯಬೇಕಾಗಿದ್ದ ಕೆಲಸ. ಆದರೆ ‘ಸಾದಾ’ ಎನ್ನುವುದು ನನ್ನ ಕಿವಿಗೆ ಚೇಳು ಕಡಿದಂತೆ ಕಡಿಯಿತು. 145 ಅಶ್ವಶಕ್ತಿಯ ಗಾಡಿಗೆ ಸಾದಾ ಪ್ಲೇಟೇ? “ನಾ ಒಂದೀಟು ಓದಿ ಹೇಳತೇನಿ ತಡಿ” ಎಂದೆ. ಅವನು ಗಾಲಿ ತಿರುಗಿ ಏರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದು, “ಓದ್ರಿ ಸರ್ರ” ಎಂದ.

ಓದಿದೆ. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತೆಗೆದುಕೊಂಡಿದ್ದ. ಲೋಹಕ್ಕೆ ಲೋಹ ತಿಕ್ಕಿ ಅದು ಕಿರುಚಾಡುತ್ತಿತ್ತು, ಹಾಗಾಗಿ ಬಹುಕಾಲ ಯಾರೂ ಕೈಗೆತ್ತಿಕೊಳ್ಳಲಿಲ್ಲ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಯ ಓಟದಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಎದುರಾಳಿಗಳ ಡ್ರಮ್ ಬ್ರೇಕುಗಳು ಕಾದು ಸೋಲುವ ಹೊತ್ತಿಗೆ ಇದು ತಿರುವಿನ ಬಾಯಿಯವರೆಗೆ ವೇಗ ಉಳಿಸಿಕೊಂಡು ಹೋಗಿ ಆಮೇಲೆ ಬ್ರೇಕ್ ಒತ್ತುತ್ತಿತ್ತು. 1976ರಲ್ಲಿ ಫಾರ್ಮುಲಾ ಒನ್ನಿನ ಬ್ರಾಭಮ್ ತಂಡ ಇಂಗಾಲದ ಡಿಸ್ಕ್ ತಂದಿತು. ಅದು ಕೆಂಪಗೆ ಕಾದಾಗ ಚೆನ್ನಾಗಿ ಹಿಡಿಯುತ್ತದೆ, ತಣ್ಣಗಿದ್ದರೆ ಹಿಡಿಯುವುದೇ ಇಲ್ಲ. ಅಂದರೆ ಮುಂಜಾನೆ ಹಾಲಿನವನು ಅಡ್ಡ ಬಂದರೆ ದೇವರೇ ಗತಿ. ಪೋರ್ಷೆಯವರು 2001ರಲ್ಲಿ 911 ಜಿಟಿ2 ಗಾಡಿಗೆ ಸೆರಾಮಿಕ್ ಡಿಸ್ಕ್ ಹಾಕಿದರು. ತೂಕದಲ್ಲಿ ಬೀಡು ಕಬ್ಬಿಣದ ಪ್ಲೇಟಿನ ಅರ್ಧದಷ್ಟು. ಬೆಲೆ ನೋಡಿ ಆ ಪುಟ ಅಲ್ಲಿಗೇ ಮುಚ್ಚಿದೆ. ಆ ರೊಕ್ಕಕ್ಕೆ ನನ್ನಂಥ ಗಾಡಿ ಇನ್ನೊಂದು ಬರುತ್ತಿತ್ತು.

ಉಳಿದದ್ದು ತೂತು ಮತ್ತು ಗೀರು. ತೂತಿನ ಪ್ಲೇಟಿಗೆ ಒಂದು ಇತಿಹಾಸವಿದೆ. ಹಿಂದೆ ಪ್ಯಾಡುಗಳಲ್ಲಿ ಕಲ್ನಾರು, ಅಂಟು ಎಲ್ಲ ಇರುತ್ತಿತ್ತು. ವಿಪರೀತ ಕಾದಾಗ ಅವುಗಳಿಂದ ಗಾಳಿ ಹೊರಟು ಪ್ಯಾಡಿಗೂ ಪ್ಲೇಟಿಗೂ ನಡುವೆ ಪದರದಂತೆ ನಿಲ್ಲುತ್ತಿತ್ತು, ಹಿಡಿತ ತಪ್ಪುತ್ತಿತ್ತು. ಆ ಗಾಳಿಗೆ ಹಾದಿ ಮಾಡಿಕೊಡಲು ರೇಸಿನವರು ಪ್ಲೇಟಿಗೆ ತೂತು ಕೊರೆದರು. ತೂಕವೂ ಇಳಿಯಿತು. ಪೋರ್ಷೆ 917 ರೇಸ್ ಗಾಡಿಯ ಬ್ರೇಕಿನ ಮಾದರಿಯೇ 1978ರ 911 ಟರ್ಬೋಗೆ ಇಳಿದುಬಂತು, ತೂತು ಸಮೇತ. ಈಗಿನ ಪ್ಯಾಡುಗಳು ಅಷ್ಟು ಗಾಳಿ ಬಿಡುವುದಿಲ್ಲ. ಅಲ್ಲದೆ ತೂತು ಕೊರೆದಷ್ಟೂ ಕಬ್ಬಿಣ ಕಡಿಮೆಯಾಗುತ್ತದೆ, ಶಾಖ ಹೀರುವ ತಾಕತ್ತು ಕಡಿಮೆಯಾಗುತ್ತದೆ, ತೂತಿನ ಅಂಚಿನಿಂದ ಸೀಳು ಹುಟ್ಟುತ್ತದೆ. ರೇಸಿನವರಿಗೆ ಅದರ ಚಿಂತೆಯಿಲ್ಲ, ಅವರು ಆಗಾಗ ಪ್ಲೇಟನ್ನೇ ಬದಲಿಸಿ ಎಸೆಯುತ್ತಾರೆ. ಗೀರಿನ ಪ್ಲೇಟು ಗಟ್ಟಿ, ಆದರೆ ಪ್ಯಾಡನ್ನು ಬೇಗ ತಿನ್ನುತ್ತದೆ, ಬ್ರೇಕ್ ಒತ್ತಿದಾಗ ಗುಂಯ್ ಎನ್ನುತ್ತದೆ. ಇದಿಷ್ಟೂ ನನಗೆ ಗೊತ್ತಾಯಿತು. ನೋಟ್ಸ್ ಸಹ ಮಾಡಿಕೊಂಡೆ. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದದ್ದು ಮಾತ್ರ ‘911 ಟರ್ಬೋ’ ಎಂಬ ಅಕ್ಷರಗಳಿಗೆ.

ಹೆಂಡತಿ ಚಹಾಕ್ಕೆ ಇಟ್ಟಾಗ ನಾನು ಒಲೆಯ ಬಳಿ ನಿಂತು ಲೆಕ್ಕ ಬಿಡಿಸಿದೆ. ಗಾಡಿ, ನಾನು, ಡಿಕ್ಕಿಯಲ್ಲಿರುವ ಉತ್ತರ ಪತ್ರಿಕೆ ಎಲ್ಲ ಸೇರಿ 1,300 ಕೆಜಿ ಎಂದು ಹಿಡಿ. 100 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ ಸುಮಾರು 500 ಕಿಲೋಜೂಲ್ ಶಾಖ ಹುಟ್ಟುತ್ತದೆ. ಅಷ್ಟರಲ್ಲಿ ಒಂದೂವರೆ ಲೀಟರ್ ತಣ್ಣೀರು ಕುದಿಯುತ್ತದೆ. ಆ ಶಾಖದ ಮುಕ್ಕಾಲು ಪಾಲು ಮುಂದಿನ ಎರಡು ಪ್ಲೇಟಿಗೆ. ಎರಡೂ ಸೇರಿ ಹನ್ನೆರಡು ಕೆಜಿ ಇದ್ದರೆ ಒಂದೇ ಸಲಕ್ಕೆ 70 ಡಿಗ್ರಿಯಷ್ಟು ಕಾವು ಏರುತ್ತದೆ! ಆಕೆ ಸಕ್ಕರೆ ಹಾಕುತ್ತ ಕೇಳಿದಳು: “ನೂರರಾಗ ಎಲ್ಲಿ ಹೋಗ್ತೀರಿ ನೀವು?”

“ಹಾರೂಗೇರಿ ರೋಡಿಗೆ.”

“ಆ ರೋಡಿನ್ಯಾಗ ಐವತ್ತರ ಮ್ಯಾಲ ಹ್ವಾದ್ರ ನನ್ನ ಸೊಂಟ ನೋಯ್ತೈತಿ.”

ಐವತ್ತಾದರೆ ವೇಗ ಅರ್ಧ, ಶಾಖ ಕಾಲು ಭಾಗ. ಹದಿನೇಳು ಡಿಗ್ರಿ. ಪ್ಲೇಟು ಬೆಚ್ಚಗೂ ಆಗುವುದಿಲ್ಲ. ವಿಜ್ಞಾನ ಕಲಿಸುವ ನಾನು ಇದನ್ನು ಕರಿಹಲಗೆಯ ಮೇಲೆ ವರ್ಷವರ್ಷವೂ ಬರೆದವನು. ಅದೂ ಅಲ್ಲದೆ, ಈ ಗಾಡಿಗೆ ಎಬಿಎಸ್ ಇದೆ. ಜೋರಾಗಿ ಒತ್ತಿದರೆ ಸಾದಾ ಪ್ಲೇಟೇ ಗಾಲಿಯನ್ನು ಕಚ್ಚಿ ಹಿಡಿಯುವಷ್ಟು ಬಲ ಹಾಕುತ್ತದೆ. ಅದರ ಮೇಲೆ ಗಾಡಿ ಎಷ್ಟು ಬೇಗ ನಿಲ್ಲುತ್ತದೆ ಎನ್ನುವುದು ಟೈರು ಮತ್ತು ನೆಲದ ವ್ಯವಹಾರ. ಪ್ಲೇಟಿಗೆ ಎಷ್ಟು ತೂತು ಹೊಡೆದರೂ ಒಂದು ಗೇಣು ಮೊದಲು ನಿಲ್ಲುವುದಿಲ್ಲ. ನನ್ನ ಟೈರುಗಳು ಹಿಂದಿನ ಮಾಲೀಕನ ಕಾಲದವು. ಇಷ್ಟು ಲೆಕ್ಕ ಮಾಡಿ ಮುಗಿಸಿ, ಚಹಾ ಕುಡಿದು, ಫೋನ್ ಹಚ್ಚಿ ತೂತಿನ ಪ್ಲೇಟಿಗೆ ಆರ್ಡರ್ ಕೊಟ್ಟೆ.

ಕೊಲ್ಲಾಪುರ ದಾಟಿ ಹೋಗಿ ತರಬೇಕಿತ್ತು. ಊರು ಬೇಡ, ಅಂಗಡಿಯ ಹೆಸರೂ ಬೇಡ. ಹಾದಿಯ ತಮಾಷೆ ಕೇಳಿ. ಬ್ರೇಕ್ ಪ್ಲೇಟು ಎಂದರೆ ಬೀಡು ಕಬ್ಬಿಣ, ಅದರೊಳಗೆ ಇಂಗಾಲದ ಸಣ್ಣ ಸಣ್ಣ ಚಕ್ಕೆ. ಆ ಚಕ್ಕೆಗಳೇ ಶಾಖ ಒಯ್ಯುವುದು, ಕಂಪನ ನುಂಗುವುದು. ಅಂಥ ಕಬ್ಬಿಣವನ್ನು ದಿನಬೆಳಗಾದರೆ ಕರಗಿಸಿ ಗಾಡಿಗಳ ಬಿಡಿಭಾಗ ಎರಕ ಹೊಯ್ಯುವ ಫೌಂಡ್ರಿಗಳು ನನ್ನ ಒಂದು ಬದಿಗೆ ಬೆಳಗಾವಿಯ ಉದ್ಯಮಬಾಗದಲ್ಲಿ, ಇನ್ನೊಂದು ಬದಿಗೆ ಕೊಲ್ಲಾಪುರದ ಶಿರೋಳಿ, ಗೋಕುಳ ಶಿರಗಾಂವದಲ್ಲಿ ಸಾಲುಗಟ್ಟಿ ನಿಂತಿವೆ. ಅವುಗಳ ಕಾಂಪೌಂಡಿಗೆ ಒರಸಿಕೊಂಡೇ ಹೈವೇಯಲ್ಲಿ ಹೋಗಿ, ಎಲ್ಲಿ ಎರಕವಾಯಿತೋ ಯಾರು ಹೊಯ್ದರೋ ತಿಳಿಯದ ಒಂದು ಜೋಡಿಯನ್ನು ಸಾದಾ ಪ್ಲೇಟಿನ ಎರಡು ಪಟ್ಟು ಕೊಟ್ಟು ತಂದೆ. ಅಂಗಡಿಯವನು ಪೆಟ್ಟಿಗೆ ಬಿಚ್ಚಿ ಬೆಳಕಿಗೆ ಹಿಡಿದ. ತೂತುಗಳಿಂದ ಬೆಳಕು ಬಂತು. ನನಗೆ ಅಷ್ಟು ಸಾಕಾಯಿತು. ಒಳ್ಳೆಯ ಪ್ಲೇಟಿನಲ್ಲಿ ತೂತಿನ ಬಾಯಿ ಉಜ್ಜಿ ನಯ ಮಾಡಿರುತ್ತಾರೆ. ಇದರ ಅಂಚು ಬೆರಳಿಗೆ ಚುಚ್ಚಿತು. ಕನಿಷ್ಠ ದಪ್ಪದ ಅಳತೆ ಎಲ್ಲಿಯೂ ಒತ್ತಿರಲಿಲ್ಲ. ಬೆರಳು ಚೀಪುತ್ತ ರೊಕ್ಕ ಎಣಿಸಿದೆ. ಕ್ಯಾಲಿಪರಿಗೆ ಬಳಿಯಲು ಕೆಂಪು ಬಣ್ಣದ ಡಬ್ಬಿಯನ್ನು ಅವನು ಪುಕ್ಕಟೆ ಕೊಟ್ಟ.

ಮನೆಯಲ್ಲಿ ಕಾಕಾ ಒಂದು ಪ್ಲೇಟನ್ನು ಎತ್ತಿ ಕಣ್ಣಿಗೆ ಹಿಡಿದು, ಒಂದು ತೂತಿನಿಂದ ನನ್ನನ್ನು ನೋಡಿದರು.

“ಎಷ್ಟ ಬಿತ್ತೋ ತಮ್ಮಾ?”

ಹೇಳಿದೆ.

“ತೂತ ಇಲ್ಲದ್ದು?”

ಅದನ್ನೂ ಹೇಳಿದೆ.

“ಅಂದ್ರ ತೂತಿಗೇ ಅರ್ಧಾ ರೊಕ್ಕ ಕೊಟ್ಟಿ. ನಮ್ಮ ಅಟ್ಟದ ಮ್ಯಾಲ ಒಂದ ಜರಡಿ ಐತಿ, ಎಷ್ಟಕ್ಕ ತಗೋತಿ?”

ಮಿಸ್ತ್ರಿ ಏನೂ ಅನ್ನಲಿಲ್ಲ. ಹಬ್ಬಿನ ಮೇಲಿನ ತುಕ್ಕನ್ನು ತಂತಿಬ್ರಷ್ಷಿನಿಂದ ತಿಕ್ಕಿ, ಪ್ಲೇಟು ಕೂರಿಸಿ, ಡಯಲ್ ಗೇಜು ಹಚ್ಚಿ, ಕೈಯಿಂದ ನಿಧಾನ ತಿರುಗಿಸುತ್ತ ಮುಳ್ಳಿನ ಓಲಾಟ ನೋಡಿದ. ನೂರು ಭಾಗ ಮಾಡಿದ ಮಿಲಿಮೀಟರಿನಲ್ಲಿ ನಾಲ್ಕೈದು ಭಾಗ ಆಚೀಚೆ ಆದರೂ ಮುಂದೆ ಪೆಡಲ್ಲು ನಡುಗುತ್ತದೆ ಎಂದ. ಹಬ್ಬಿನ ಮೇಲೆ ಅಂಟಿದ ಒಂದು ತುಕ್ಕಿನ ಹರಳೇ ಅಷ್ಟು ಮಾಡಬಲ್ಲದು. ಅವನ ಗ್ಯಾರೇಜಿನ ಗೋಡೆಗೆ ಕಬ್ಬಿನ ಗಾಣದ ಗ್ರೀಸು, ಟ್ರ್ಯಾಕ್ಟರಿನ ಡೀಸೆಲು. ಅಂಥಲ್ಲಿ ಕೂತು ಕೂದಲೆಳೆಗಿಂತ ಸಣ್ಣ ಅಳತೆಗೆ ಕಣ್ಣು ಕಿರಿದಾಗಿಸಿದ್ದ ಅವನನ್ನು ನೋಡಿ, ಆ ಒಂದೂವರೆ ಅಂಕ ಇಟ್ಟುಕೊಂಡು ನಾನು ಏನು ಗಳಿಸಿದೆ ಅನಿಸಿತು. “ಆಯಿಲ್ಲು?” ಎಂದ. ಕೆಂಪು ಬಣ್ಣ ಒಣಗುವ ಮೊದಲು ಗಾಡಿ ಊರಿಗೆ ತೋರಿಸುವ ಅವಸರ ನನಗೆ. “ಮುಂದಿನ ವಾರ ನೋಡೂಣು” ಎಂದೆ.

ಹೊಸ ಪ್ಲೇಟು, ಹೊಸ ಪ್ಯಾಡು ಹಾಕಿದ ಮೇಲೆ ಒಂದಕ್ಕೊಂದು ಹೊಂದಿಸಬೇಕು. ಎಂಬತ್ತರ ವೇಗಕ್ಕೆ ಹೋಗಿ, ಗಟ್ಟಿಯಾಗಿ ಒತ್ತಿ ಹದಿನೈದಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಎಂಬತ್ತಕ್ಕೆ ಹೋಗಬೇಕು. ಹೀಗೆ ಎಂಟು-ಹತ್ತು ಸಲ. ಆಗ ಪ್ಯಾಡಿನ ತೆಳು ಪದರ ಕಾವಿನಲ್ಲಿ ಪ್ಲೇಟಿನ ಮೈಗೆಲ್ಲ ಸಮನಾಗಿ ಹತ್ತುತ್ತದೆ. ನಡುವೆ ನಿಂತುಬಿಟ್ಟರೆ ಕಾದ ಪ್ಯಾಡು ಒಂದೇ ಕಡೆ ಅಚ್ಚೊತ್ತಿ ಕೂರುತ್ತದೆ. ‘ಪ್ಲೇಟ್ ಬೆಂಡಾಗೈತಿ’ ಎಂದು ಬೈಸಿಕೊಳ್ಳುವ ಎಷ್ಟೋ ಪ್ಲೇಟುಗಳು ಬೆಂಡಾಗಿರುವುದಿಲ್ಲ, ಅವುಗಳ ಮೇಲಿರುವುದು ಈ ಅಚ್ಚು. ಹಾಗಾಗಿ ಏನೇ ಆದರೂ ನಿಲ್ಲಬಾರದು. ಇದು ಶಾಸ್ತ್ರ.

ಶಾಸ್ತ್ರ ಬರೆದವರು ಹಾರೂಗೇರಿ ರಸ್ತೆ ನೋಡಿಲ್ಲ. ನಾನು ಬೆಳಗಿನ ಜಾವ ಹೊರಟೆ. ರಸ್ತೆ ತುಂಬ ರವದಿ ಚೆಲ್ಲಿತ್ತು, ಎರಡೂ ಕಡೆ ಆಳೆತ್ತರದ ಕಬ್ಬು. ನೆಟ್ಟಗಿನ ದಾರಿ ಸಿಕ್ಕೊಡನೆ ಎಂಬತ್ತು ಮುಟ್ಟಿಸಿ, ಬ್ರೇಕ್ ಒತ್ತಿದೆ. ಗಾಡಿ ಮೂಗು ತಗ್ಗಿಸಿ ಹದಿನೈದಕ್ಕೆ ಇಳಿಯಿತು. ಸರಿಯಾಗಿ ಅಲ್ಲೇ ಒಬ್ಬ ಅಜ್ಜಿ ಮೆಂತ್ಯೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಳು. “ಪುಣ್ಯಾ ಬರ್ಲಿ ನನ್ನಪ್ಪ” ಎನ್ನುತ್ತ ಬುಟ್ಟಿ ಎತ್ತಿ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ನಿಲ್ಲಬಾರದು! ಎಕ್ಸಲರೇಟರ್ ಒತ್ತಿದೆ. ಟರ್ಬೋ ಸುಯ್ಯೆಂದಿತು. ಕನ್ನಡಿಯಲ್ಲಿ ಮೆಂತ್ಯೆ ಹಾರುವುದು ಕಂಡಿತು, ಪುಣ್ಯ ಬರಲೆಂದ ಬಾಯಿಯಿಂದಲೇ ಹೊರಟ ಉಳಿದದ್ದು ಕೇಳಿಸಲಿಲ್ಲ. ಮುಂದಿನ ಎಂಬತ್ತು ಮುಗಿದು ಹದಿನೈದು ಬಂದಲ್ಲಿ ಐಟಿಐಗೆ ಹೊರಟ ಇಬ್ಬರು ಹುಡುಗರು. ಅವರು ಗಾಡಿಯ ಜೊತೆಗೇ ನಾಲ್ಕು ಹೆಜ್ಜೆ ಓಡಿ, “ಸರ್ ಅದಾರ ಲೇ!” ಎಂದು ಗುರುತು ಹಿಡಿದರು. ಆಮೇಲೆ ಒಂದು ಎಮ್ಮೆ, ಅದಕ್ಕೆ ಯಾವ ನಿರೀಕ್ಷೆಯೂ ಇರಲಿಲ್ಲ. ಹಿಂದೆ ಬರುತ್ತಿದ್ದ ಕೆಂಪು ಬಸ್ಸಿನ ಡ್ರೈವರು, ಇವನು ನಿಲ್ಲುತ್ತಾನೋ ಹೋಗುತ್ತಾನೋ ತಿಳಿಯದೆ, ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ.

ಕೊನೆಕೊನೆಯ ಸಲ ಗಾಡಿ ಹದಿನೈದಕ್ಕೆ ಇಳಿದದ್ದು ಒಂದು ಬೇವಿನ ಗಿಡದ ಮುಂದೆ. ಗಿಡದ ಕೆಳಗೆ ಬಿಳೀ ಧೋತರ, ಬಿಳೀ ಟೊಪ್ಪಿಗೆ, ಕೈಯಲ್ಲಿ ಚೀಲ. ನಮ್ಮ ಬೀಗರು, ಮಗಳ ಮಾವ. ನನ್ನ ಗಾಡಿ ಕಂಡು ಮುಖ ಅರಳಿಸಿ, ಚೀಲ ಎಡಗೈಗೆ ಬದಲಿಸಿ, ಮುಂದಿನ ಬಾಗಿಲಿನ ಹಿಡಿಕೆ ಹಿಡಿದರು. ನಮ್ಮ ಕಣ್ಣಿಗೆ ಕಣ್ಣು ಕೂಡಿದವು. ಬಾಗಿಲು ಲಾಕ್ ಆಗಿತ್ತು. ಪ್ಯಾಡು ಕೆಂಡವಾಗಿತ್ತು. ನಿಂತರೆ ಅಚ್ಚು ಬೀಳುತ್ತದೆ. ಸಂಬಂಧ ದೊಡ್ಡದೋ ಪ್ಲೇಟು ದೊಡ್ಡದೋ ಎಂದು ಅಳೆಯಲು ನನಗೆ ಸಿಕ್ಕದ್ದು ಅರ್ಧ ಕ್ಷಣ. ಕಾಲು ತನ್ನಷ್ಟಕ್ಕೆ ತಾನೇ ಒತ್ತಿತು. ನಾನು ಕಿಟಕಿಯಿಂದ ಕೈ ಮುಗಿದೆ. ಅದು ಟಾಟಾ ಮಾಡಿದಂತೆ ಕಂಡಿತಂತೆ.

ಮನೆ ಮುಟ್ಟುವುದರೊಳಗೆ ಮಗಳ ಫೋನು.

“ಅಪ್ಪಾ, ಮಾಮಾರನ್ನ ಕಂಡು ಗಾಡಿ ಸಾವಕಾಶ ಮಾಡಿ, ಅವ್ರು ಬಾಗಲಕ್ಕ ಕೈ ಹಾಕಿದ ಮ್ಯಾಲ ಭರ್ ಅನಿಸ್ಕೊಂಡು ಹ್ವಾದೆಂತಲ್ಲ! ಮ್ಯಾಲ ಟಾಟಾ ಬ್ಯಾರೆ!”

“ಪ್ಯಾಡ್ ಹೊಂದಿಸಾಕತ್ತಿದ್ನವ್ವಾ…”

“ನೀ ಮೊದ್ಲ ಬೀಗರನ್ನ ಹೊಂದಿಸ್ಕೋ” ಎಂದು ಫೋನ್ ಇಟ್ಟಳು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಹೈಸ್ಕೂಲಿನ ಮಾಸ್ತರ ಹೊಸ ಗಾಡಿಯ ಸೊಕ್ಕಿಗೆ ಹಾದಿಯ ಜನರನ್ನು ಕರೆದಂತೆ ಮಾಡಿ ಓಡಿಹೋಗುತ್ತಾನೆ. ಮರುದಿನ ಒಂಬತ್ತನೇ ಇಯತ್ತೆಯಲ್ಲಿ ಜಡತ್ವದ ಪಾಠ ಶುರು ಮಾಡಿದಾಗ ಹಿಂದಿನ ಬೆಂಚಿನಿಂದ ಸಣ್ಣಗೆ “ಸುಯ್ಯ್…” ಎಂದು ಸದ್ದು ಬಂತು.

ಅವಮಾನವನ್ನು ಘಾಟಿನಲ್ಲಿ ಕಳೆಯೋಣವೆಂದುಕೊಂಡೆ. ಬೆಳಗಾವಿಯ ಕೆಲಸ ಮುಗಿಸಿ ಮರಳುವಾಗ, ಹತ್ತಿರದ ಹಾದಿ ಬಿಟ್ಟು ಸಂಕೇಶ್ವರ ದಾಟಿ ಹೈವೇ ಹಿಡಿದು ತವಂದಿ ಘಾಟಿಗೆ ಹೋದೆ. ಸ್ತವನಿಧಿಯ ಬಸದಿಗೆ ಹೋಗುವ ಜೈನ ಬಾಂಧವರಿಗೂ, ನಿಪ್ಪಾಣಿಗೆ ಇಳಿಯುವ ಲಾರಿಯವರಿಗೂ ಆ ಇಳಿಜಾರು ಚೆನ್ನಾಗಿ ಗೊತ್ತು. ಅಪಘಾತಕ್ಕೆ ಹೆಸರಾದ ಜಾಗ. ಲಾರಿಗಳೆಲ್ಲ ಸಣ್ಣ ಗೇರಿನಲ್ಲಿ ಗುರುಗುಟ್ಟುತ್ತ ಇಳಿಯುತ್ತಿದ್ದವು. ನಾನು ನಾಲ್ಕನೇ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟು, ಅವರನ್ನೆಲ್ಲ ಹಿಂದೆ ಹಾಕಿದೆ. ಹಾಕಿಸಿದ್ದು ತೂತಿನ ಪ್ಲೇಟಲ್ಲವೇ!

ನೂರು ಮೀಟರ್ ಎತ್ತರ ಬರೀ ಬ್ರೇಕಿನ ಮೇಲೆ ಇಳಿದರೆ, ನೂರರ ವೇಗದಿಂದ ಎರಡೂವರೆ ಸಲ ನಿಂತಷ್ಟು ಶಾಖ ಪ್ಲೇಟಿನ ಮೇಲೆ ಬೀಳುತ್ತದೆ. ನಡುವೆ ಆರಲು ಬಿಡುವೂ ಇಲ್ಲ. ಕೆಳಗೆ ಮುಟ್ಟುವ ಹೊತ್ತಿಗೆ ಕಾಲ ಕೆಳಗಿನ ಪೆಡಲ್ಲು ಮೆತ್ತಗಾಗಿ, ಹಾಗೇ ತಳಕ್ಕೆ ಹೋಯಿತು. ಕಬ್ಬಿಣ ಅಲ್ಲಿಯ ತನಕ ತಡೆದಿತ್ತು. ಕೈಕೊಟ್ಟದ್ದು ಎಣ್ಣೆ. ಡಾಟ್ 4 ಬ್ರೇಕ್ ಆಯಿಲ್ಲು ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿಯ ತನಕ ಕುದಿಯಬಾರದು. ಆದರೆ ಅದು ಗಾಳಿಯಿಂದ ನೀರು ಹೀರುತ್ತದೆ. ಸಾಕಷ್ಟು ನೀರು ಕುಡಿದ ಮೇಲೆ 155ಕ್ಕೇ ಕುದಿಯಬಹುದು. ಕುದ್ದರೆ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಒತ್ತಿದ ಕಾಲಿನ ಬಲವೆಲ್ಲ ಗುಳ್ಳೆ ಅಮುಕುವುದರಲ್ಲೇ ಮುಗಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುವುದು. ನನ್ನದು ಯಾವ ಮಾಲೀಕನ ಕಾಲದ್ದೋ. ಗೇರು ಇಳಿಸಿ, ಹ್ಯಾಂಡ್ ಬ್ರೇಕು ಎಳೆದು, ಯಾರಿಗೂ ತಾಗದೆ ಒಂದು ಚಹಾದಂಗಡಿಯ ಮುಂದಿನ ಮಣ್ಣಿನ ಗುಪ್ಪೆಗೆ ಮೂಗು ತಾಗಿಸಿ ನಿಂತೆ. ಹಿಂದೆ ಬಿದ್ದಿದ್ದ ಲಾರಿ ಗುರುಗುಟ್ಟುತ್ತ ಬಂದು ಪಕ್ಕದಲ್ಲಿ ಸಾವಕಾಶ ನಿಂತಿತು. ಕ್ಲೀನರ್ ಹುಡುಗ ಇಳಿದು, ಹೊಗೆಯಾಡುವ ನನ್ನ ಕೆಂಪು ಕ್ಯಾಲಿಪರನ್ನೂ, ನಂತರ ನನ್ನನ್ನೂ ನೋಡಿದ. ಅಭ್ಯಾಸ ಬಲದಿಂದ ಒಂದು ಕಲ್ಲು ತಂದು ನನ್ನ ಗಾಲಿಯ ಕೆಳಗೆ ಇಟ್ಟು ಹೋದ.

ಆರಿದ ಮೇಲೆ ಪೆಡಲ್ಲು ತಿರುಗಿ ಎದ್ದಿತು. ಇಪ್ಪತ್ತರ ವೇಗದಲ್ಲಿ ಹಾರೂಗೇರಿ ಮುಟ್ಟುವುದರೊಳಗೆ ಕತ್ತಲಾಗಿತ್ತು. ಮಿಸ್ತ್ರಿ ಪ್ಲೇಟು ಬಿಚ್ಚಿ, ಒಂದೊಂದನ್ನೇ ಸ್ಕ್ರೂಡ್ರೈವರಿಗೆ ತೂಗಹಾಕಿ ಪಾನಾದಿಂದ ಬಡಿದ. ಒಂದು ಟಣ್ ಎಂದಿತು. ಇನ್ನೊಂದು ಡಬ್ ಎಂದಿತು. ಎರಡನೆಯದನ್ನು ದೀಪಕ್ಕೆ ಹಿಡಿದು ಉಗುರಿನಿಂದ ತೋರಿಸಿದ. ಎರಡು ತೂತುಗಳ ನಡುವೆ ಕೂದಲಿನಷ್ಟು ಸೀಳು.

“ನೀರ ಸೇರಿದ ಎಣ್ಣಿ ಲಗೂನ ಕುದಿತೈತಿ ಅಂತ ನೀವ ಹೇಳಿಕೊಟ್ಟಿದ್ರಿ ಸರ್ರ” ಎಂದ. ನಾನು ಹೇಳಿಕೊಟ್ಟ ನೆನಪಿರಲಿಲ್ಲ. ಇರಬಹುದು.

ಪುಣೆಯಿಂದ ಸಾದಾ ಪ್ಲೇಟು ಬಂದವು. ಎಣ್ಣೆ ಬದಲಾಯಿತು, ಟೈರೂ ಬದಲಾದವು. ಎಲ್ಲ ಸೇರಿ ಆದ ಖರ್ಚು ಮನೆಯಲ್ಲಿ ಇನ್ನೂ ಗೊತ್ತಿಲ್ಲ, ಗೊತ್ತಾಗುವಂತೆ ಬರೆಯುವುದೂ ಇಲ್ಲ. ಹೊಸ ಪ್ಲೇಟು ಎಂದ ಮೇಲೆ ಮತ್ತೆ ಹೊಂದಿಸಬೇಕಲ್ಲ! ಈ ಸಲ ಮೊದಲು ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬೀಗರ ಮನೆಗೆ ಹೋದೆ. ಅವರು ನೀರು ಕೊಟ್ಟರು, ಮಾತು ಕೊಡಲಿಲ್ಲ. ಪ್ಯಾಡು, ಪದರ, ಅಚ್ಚು ಎಲ್ಲವನ್ನೂ ಹೋಳಿಗೆಯ ಡಬ್ಬಿಯ ಮುಚ್ಚಳ ತಿರುಗಿಸಿ ತಿರುಗಿಸಿ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, “ಅಂದ್ರ ಅವತ್ತು ನಿಂತಿದ್ರ ಕೆಡ್ತಿತ್ತು?” ಎಂದರು.

“ಕೆಡ್ತಿತ್ರಿ ಬೀಗರ.”

“ನಿಲ್ಲದನೂ ಕೆಡ್ತಲ್ಲ.”

“ಕೆಡ್ತ್ರಿ.”

ಎದ್ದು ಟೊಪ್ಪಿಗೆ ಹಾಕಿಕೊಂಡರು. “ನಡೀರಿ. ಅದೇನ ಹೊಂದಸೂದು ಐತಿ, ನಾನೂ ನೋಡತೇನಿ.”

ಎಂಬತ್ತಕ್ಕೆ ಹೋದಾಗ ಅವರು ಮೇಲಿನ ಹಿಡಿಕೆ ಹಿಡಿದು ಕಣ್ಣು ಮುಚ್ಚಿದರು. ಬ್ರೇಕ್ ಒತ್ತಿದಾಗ ತೆರೆದರು. ಹದಿನೈದಕ್ಕೆ ಇಳಿದಲ್ಲಿ ಜೋಳದ ಚೀಲ ಇಟ್ಟುಕೊಂಡು ನಿಂತಿದ್ದ ಒಬ್ಬ ಗಾಡಿಯ ಕಡೆ ಬರತೊಡಗಿದ. ಬೀಗರು ಕಿಟಕಿಯ ಗಾಜು ಇಳಿಸಿ, ಅರ್ಧ ಮೈ ಹೊರಗೆ ಹಾಕಿ, “ನಿಂದ್ರಂಗಿಲ್ಲೋ! ಪ್ಲೇಟ್ ಹೊಸಾವು ಅದಾವು! ಹಿಂದ ಬಸ್ ಬರ್ತೈತಿ!” ಎಂದು ಕೂಗಿದರು. ಮುಂದಿನ ತಿರುವಿನಲ್ಲಿ ನಾಲ್ಕು ಮಂದಿ ಹೆಣ್ಣುಮಕ್ಕಳಿದ್ದರು. ಅವರಿಗೂ ಕೂಗಿದರು. ಅದರ ಮುಂದಿನದ್ದರಲ್ಲಿ ಯಾರೂ ಇರಲಿಲ್ಲ, ಆದರೂ ಕೂಗಿ, ಅಂಗೈಯಿಂದ ಬಾಗಿಲನ್ನು ಎರಡು ಸಲ ಬಡಿದು, ನನ್ನ ಕಡೆ ತಿರುಗದೆಯೇ “ರೈಟ್!” ಎಂದರು.